ವೈದ್ಯರು ದೊರೆಯುವ ತನಕ: ಮನೆಮದ್ದಿನ ಪೆಟ್ಟಿಗೆಯಲ್ಲಿ ಏನಿರಬೇಕು?

ಮಳೆಗಾಲದಲ್ಲಿ ಹೊಳೆ ತುಂಬಿ ಸೇತುವೆ ಮುಳುಗಿದರೆ, ಗುಡ್ಡ ಜರಿದು ರಸ್ತೆ ಮುಚ್ಚಿಹೋದರೆ, ಹಳ್ಳಿಯೊಂದು ದ್ವೀಪದಂತಾಗುತ್ತದೆ. ೨೦೧೮ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಅನೇಕ ಗ್ರಾಮಗಳೂ, ಮರುವರ್ಷ ಅದೇ ತಿಂಗಳಲ್ಲಿ ಉತ್ತರ ಕರ್ನಾಟಕದ ನದೀತೀರದ ಊರುಗಳೂ ಈ ಸ್ಥಿತಿಯನ್ನು ಅನುಭವಿಸಿದವು. ಇಂತಹ ದಿನಗಳಲ್ಲಿ ಮಗುವಿಗೆ ವಾಂತಿಭೇದಿ ಹತ್ತಿದರೆ, ಅಡುಗೆಮನೆಯಲ್ಲಿ ಯಾರದಾದರೂ ಕೈ ಸುಟ್ಟರೆ, ಆಸ್ಪತ್ರೆಯ ದಾರಿ ತೆರೆಯುವವರೆಗಿನ ಕೆಲವು ಗಂಟೆಗಳನ್ನು ಮನೆಯವರೇ ನಿಭಾಯಿಸಬೇಕು. ಹಿಂದಿನ ಕಾಲದ ಗೃಹಿಣಿಯರು ಇದನ್ನರಿತೇ ಒಣಶುಂಠಿ, ಓಮ, ಲವಂಗ, ಜೇನು, ಅರಿಸಿನ, ಬಜೆ ಮುಂತಾದುವನ್ನು ಡಬ್ಬಿಗಳಲ್ಲಿ ತುಂಬಿ ಇಟ್ಟಿರುತ್ತಿದ್ದರು.

ಮನೆಮದ್ದಿನ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ಪಕ್ಷಗಳುಂಟು. ಹಳೆಯದೆಲ್ಲವೂ ಮೂಢನಂಬಿಕೆಯೆಂದು ತಳ್ಳಿಹಾಕುವವರು ಒಂದು ಪಕ್ಷ. ಪ್ರಕೃತಿಯಲ್ಲಿ ಸಿಕ್ಕಿದುದೆಲ್ಲವೂ ನಿರಪಾಯಕರವೆಂದು ನಂಬುವವರು ಇನ್ನೊಂದು ಪಕ್ಷ. ಈ ಜಗಳಕ್ಕೆ ನಾವು ಹೋಗುವುದಿಲ್ಲ. ಪ್ರತಿಯೊಂದು ವಸ್ತುವಿಗೂ ಮೂರು ಪ್ರಶ್ನೆಗಳನ್ನು ಹಾಕೋಣ: ಇದು ಹೇಗೆ ಕೆಲಸಮಾಡುತ್ತದೆ? ಎಷ್ಟು ಬೇಕು? ಎಲ್ಲಿಗೆ ಇದರ ಶಕ್ತಿ ಮುಗಿಯುತ್ತದೆ? ಈ ಮೂರಕ್ಕೂ ಉತ್ತರ ದೊರೆತ ವಸ್ತುವಿಗೆ ಮಾತ್ರ ಪೆಟ್ಟಿಗೆಯಲ್ಲಿ ಸ್ಥಳ.

ಉಪ್ಪು, ಸಕ್ಕರೆ, ನೀರು

ಪೆಟ್ಟಿಗೆಯಲ್ಲಿ ಮೊದಲ ಸ್ಥಾನ ಯಾವ ಅಪರೂಪದ ಬೇರಿಗೂ ಸಲ್ಲುವುದಿಲ್ಲ. ಅದು ಉಪ್ಪು ಸಕ್ಕರೆಗಳಿಗೆ ಸಲ್ಲಬೇಕು. ವಾಂತಿಭೇದಿಯಲ್ಲಿ ರೋಗಿಯನ್ನು ಕೊಲ್ಲುವುದು ಬಹುಮಟ್ಟಿಗೆ ರೋಗಾಣುವಲ್ಲ, ದೇಹದಿಂದ ಹೊರಟುಹೋಗುವ ನೀರು ಮತ್ತು ಲವಣ. ಹಾಗಾದರೆ ಬರಿಯ ನೀರನ್ನೇ ಕುಡಿಸಬಾರದೇಕೆ?

ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಜಾಡಿಯ ತುಂಬ ನೀರು ಬಿಟ್ಟಿರುವುದನ್ನು ಎಲ್ಲರೂ ಕಂಡಿದ್ದೇವೆ. ತೆಳುವಾದ ಪೊರೆಯ ಎರಡು ಬದಿಗಳಲ್ಲಿ ದ್ರಾವಣಗಳಿದ್ದರೆ, ನೀರು ಕಡಮೆ ಸಾಂದ್ರತೆಯ ಕಡೆಯಿಂದ ಹೆಚ್ಚು ಸಾಂದ್ರತೆಯ ಕಡೆಗೆ ಹರಿಯುತ್ತದೆ. ಇದಕ್ಕೆ ಅಭಿಸರಣವೆಂದು ಹೆಸರು. ನಮ್ಮ ಕರುಳಿನ ಗೋಡೆಯೂ ಅಂತಹುದೊಂದು ಪೊರೆ. ಆ ಗೋಡೆಯ ಜೀವಕೋಶಗಳಲ್ಲಿ ಸೋಡಿಯಂ ಮತ್ತು ಗ್ಲೂಕೋಸುಗಳನ್ನು ಜೊತೆಜೊತೆಯಾಗಿ ಒಳಕ್ಕೆ ಸಾಗಿಸುವ ಏರ್ಪಾಡೊಂದಿದೆ. ೧೯೬೦ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಪ್ರಾಗ್ ನಗರದ ಸಭೆಯೊಂದರಲ್ಲಿ ಇದನ್ನು ವಿವರಿಸಿದನು. ಕಾಲರಾದಂತಹ ಉಗ್ರ ಭೇದಿಯಲ್ಲಿಯೂ ಈ ಏರ್ಪಾಡು ಕೆಡುವುದಿಲ್ಲ. ಉಪ್ಪು ಮತ್ತು ಸಕ್ಕರೆ ಒಟ್ಟಿಗೆ ಒಳಸೇರುತ್ತವೆ. ಅಭಿಸರಣದಿಂದ ನೀರು ಅವನ್ನು ಹಿಂಬಾಲಿಸುತ್ತದೆ.

ಈ ತತ್ತ್ವದ ಅತ್ಯಂತ ಕಠಿಣವಾದ ಪರೀಕ್ಷೆ ನಡೆದದ್ದು ೧೯೭೧ರಲ್ಲಿ. ಪೂರ್ವ ಪಾಕಿಸ್ತಾನದ ಯುದ್ಧದಿಂದ ಓಡಿಬಂದ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿಯ ಬಂಗಾಂವ್ ಪಟ್ಟಣದ ಸುತ್ತ ಸೇರಿದ್ದರು. ಅವರಲ್ಲಿ ಕಾಲರಾ ಹಬ್ಬಿತು. ರಕ್ತನಾಳದ ಮೂಲಕ ಕೊಡುವ ದ್ರವದ ಬಾಟಲಿಗಳು ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಗ್ಲೂಕೋಸು, ಅಡುಗೆ ಉಪ್ಪು, ಸೋಡಗಳನ್ನು ನೀರಿನಲ್ಲಿ ಕರಗಿಸಿ ದೊಡ್ಡ ಪೀಪಾಯಿಗಳಲ್ಲಿ ತುಂಬಿಸಿದರು. ಅದನ್ನು ಕುಡಿಸಿದವರು ರೋಗಿಗಳ ಬಂಧುಗಳೇ. ಮೊದಲು ನೂರಕ್ಕೆ ಸುಮಾರು ೩೦ರಷ್ಟಿದ್ದ ಸಾವು, ಈ ಉಪಚಾರ ಪಡೆದವರಲ್ಲಿ ನೂರಕ್ಕೆ ೩.೬ಕ್ಕೆ ಇಳಿಯಿತು. ೨೦೨೨ರಲ್ಲಿ ತೀರಿಕೊಂಡ ಮಹಲನಬೀಸರಿಗೆ ೨೦೨೩ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು.

ಆರೋಗ್ಯ ಕೇಂದ್ರಗಳಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣ ಇದೇ ವಂಶದ್ದು. ಅಂತಹ ನಾಲ್ಕಾರು ಪೊಟ್ಟಣಗಳನ್ನು ಮೊದಲೇ ತಂದಿಡುವುದು ಅತ್ಯುತ್ತಮ. ಅದು ಇಲ್ಲದಾಗ, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ತಲೆ ಸವರಿದ ಆರು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಬೇಕು. ರುಚಿ ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಕೂಡದು. ಎರಡು ವರ್ಷಕ್ಕಿಂತ ಕಿರಿಯ ಮಕ್ಕಳಿಗೆ ಪ್ರತಿ ಭೇದಿಯ ನಂತರ ೫೦ರಿಂದ ೧೦೦ ಮಿಲಿಲೀಟರು, ಅದಕ್ಕಿಂತ ಹಿರಿಯ ಮಕ್ಕಳಿಗೆ ೧೦೦ರಿಂದ ೨೦೦ ಮಿಲಿಲೀಟರು, ಗುಟುಕು ಗುಟುಕಾಗಿ ಕೊಡಬೇಕು. ಮೊಲೆಹಾಲನ್ನು ನಿಲ್ಲಿಸಬಾರದು. ೨೪ ಗಂಟೆಯ ಮೇಲೆ ಉಳಿದುದನ್ನು ಚೆಲ್ಲಿ ಹೊಸದನ್ನು ಮಾಡಬೇಕು.

ಅಳತೆಯ ವಿಷಯದಲ್ಲಿ ಉದಾರತೆ ಸಲ್ಲದು. ಸಕ್ಕರೆ ಅತಿಯಾದರೆ ಕರುಳಿನ ಒಳಗಿನ ದ್ರಾವಣವೇ ಹೆಚ್ಚು ಸಾಂದ್ರವಾಗಿ, ಮಾವಿನ ಹೋಳಿನಿಂದ ಉಪ್ಪು ನೀರನ್ನು ಸೆಳೆದಂತೆ ಅದು ದೇಹದಿಂದ ನೀರನ್ನು ಸೆಳೆಯುತ್ತದೆ, ಭೇದಿ ಹೆಚ್ಚುತ್ತದೆ. ಬಾಟಲಿಯ ಸಿಹಿಪಾನೀಯಗಳು ಈ ಕೆಲಸಕ್ಕೆ ಒದಗದಿರುವುದು ಇದೇ ಕಾರಣದಿಂದ. ಉಪ್ಪು ಅತಿಯಾದರೆ ಎಳೆಯ ಮಕ್ಕಳ ಮೆದುಳಿಗೆ ಅಪಾಯವುಂಟು.

ಅಳತೆಯನ್ನು ಜನಸಾಮಾನ್ಯರಿಗೆ ಕಲಿಸಲು ಸಾಧ್ಯವೇ ಎಂದು ಸಂದೇಹಪಡುವವರಿಗೆ ಬಾಂಗ್ಲಾದೇಶ ಉತ್ತರ ಕೊಟ್ಟಿದೆ. ಅಲ್ಲಿಯ ಬ್ರಾಕ್ ಎಂಬ ಸೇವಾಸಂಸ್ಥೆಯ ಕಾರ್ಯಕರ್ತೆಯರು ೧೯೮೦ರಿಂದ ೧೯೯೦ರವರೆಗೆ ಮನೆಮನೆಗೆ ಹೋಗಿ, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬ ಲೆಕ್ಕವನ್ನು ಒಂದು ಕೋಟಿಗೂ ಮಿಕ್ಕ ಕುಟುಂಬಗಳ ತಾಯಂದಿರಿಗೆ ಕಲಿಸಿದರು. ತಾಯಂದಿರು ಎಷ್ಟನ್ನು ನೆನಪಿನಲ್ಲಿಟ್ಟುಕೊಂಡಿದ್ದಾರೆಂದು ಆಮೇಲೆ ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಕಾರ್ಯಕರ್ತೆಯರಿಗೆ ಸಂಬಳ ಕೊಡುತ್ತಿದ್ದರು!

ಮಗುವಿನ ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಮರಳಿದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಗು ಕುಡಿಯಲಾರದಷ್ಟು ಮಂಕಾದರೆ, ಮನೆಮದ್ದಿನ ಎಲ್ಲೆ ಮುಗಿಯಿತೆಂದು ತಿಳಿಯಬೇಕು. ಆಗ ದೋಣಿಯಲ್ಲಾದರೂ ಸರಿ, ಹೆಗಲ ಮೇಲಾದರೂ ಸರಿ, ಆಸ್ಪತ್ರೆಗೆ ಒಯ್ಯಲೇಬೇಕು. ದಾರಿಯುದ್ದಕ್ಕೂ ನುಂಗಬಲ್ಲಷ್ಟನ್ನು ಕುಡಿಸುತ್ತಿರಬೇಕು.

ಕುದಿಯುವ ನೀರು

ಪ್ರವಾಹದ ಕಾಲದಲ್ಲಿ ಬಾವಿಯ ನೀರು ಕೂಡ ಕಲಕಿರುತ್ತದೆ. ಪಟಿಕದ ತುಂಡನ್ನು ನೀರಿನಲ್ಲಿ ಆಡಿಸಿದರೆ ಕೆಸರು ತಳಕ್ಕಿಳಿಯುವುದನ್ನು ನಮ್ಮ ಹಿರಿಯರು ಬಲ್ಲರು. ಕೆಸರಿನ ಸೂಕ್ಷ್ಮ ಕಣಗಳು ಋಣ ವಿದ್ಯುತ್ತನ್ನು ಹೊತ್ತು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಪಟಿಕದ ಅಲ್ಯೂಮಿನಿಯಂ ಧನ ವಿದ್ಯುತ್ತಿನಿಂದ ಆ ವಿರಸವನ್ನು ಕಳೆಯುತ್ತದೆ. ಕಣಗಳು ಕೂಡಿ, ಭಾರವಾಗಿ, ಕೆಳಗಿಳಿಯುತ್ತವೆ. ಆದರೆ ತಿಳಿಯಾದ ನೀರು ಶುದ್ಧವಾದ ನೀರಲ್ಲ. ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಕುದಿಸಲೇಬೇಕು. ಎತ್ತರಕ್ಕೆ ಹೋದಂತೆ ಕುದಿಯುವ ಬಿಂದು ಇಳಿಯುತ್ತದೆ: ಬೆಂಗಳೂರಿನಲ್ಲಿ ಅದು ಸುಮಾರು ೯೭ ಡಿಗ್ರಿ, ಮಡಿಕೇರಿಯಲ್ಲಿ ಸುಮಾರು ೯೬ ಡಿಗ್ರಿ ಸೆಲ್ಸಿಯಸ್. ಇದರಿಂದ ಆತಂಕ ಬೇಡ. ಕರುಳಿನ ರೋಗಾಣುಗಳು ೭೦ ಡಿಗ್ರಿಯ ಆಚೆಗೇ ಬೇಗ ಸಾಯುತ್ತವೆ. ನೀರು ಚೆನ್ನಾಗಿ ಮರಳಿದರೆ ಸಾಕು.

ಸುಟ್ಟ ಗಾಯಕ್ಕೆ ತುಪ್ಪವೇ, ನೀರೇ?

ಸುಟ್ಟ ಕೈಗೆ ತುಪ್ಪ, ಬೆಣ್ಣೆ, ಶಾಯಿ, ಟೂತ್‌ಪೇಸ್ಟ್ ಹಚ್ಚುವ ರೂಢಿ ಇನ್ನೂ ಬಳಕೆಯಲ್ಲಿದೆ. ಭೌತಶಾಸ್ತ್ರದ ದೃಷ್ಟಿಯಿಂದ ಇದನ್ನು ನೋಡೋಣ. ಬಿಸಿ ಪಾತ್ರೆಯಿಂದ ಕೈ ತೆಗೆದ ಕೂಡಲೆ ಅನಾಹುತ ನಿಲ್ಲುವುದಿಲ್ಲ. ಚರ್ಮದಲ್ಲಿ ಸೇರಿದ ಉಷ್ಣ ಆಳಕ್ಕೆ ಇಳಿಯುತ್ತಲೇ ಇರುತ್ತದೆ. ಅದನ್ನು ಹೊರಕ್ಕೆ ಸೆಳೆಯುವುದೇ ಉಪಚಾರದ ಗುರಿ. ಜಿಡ್ಡಿನ ಉಷ್ಣವಾಹಕತೆ ನೀರಿನದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಮೆ. ಅದರ ವಿಶಿಷ್ಟೋಷ್ಣ ಸುಮಾರು ಅರ್ಧದಷ್ಟು. ಆದುದರಿಂದ ತುಪ್ಪ ಉಷ್ಣವನ್ನು ಹೀರುವುದಕ್ಕೆ ಬದಲಾಗಿ ಕಂಬಳಿಯಂತೆ ಒಳಗೇ ಹಿಡಿದಿಡುತ್ತದೆ. ಹರಿಯುವ ತಣ್ಣೀರಾದರೋ ಉಷ್ಣವನ್ನು ಹೀರಿ, ಹೊತ್ತುಕೊಂಡೇ ಹೊರಟುಹೋಗುತ್ತದೆ.

ಸುಟ್ಟ ಭಾಗವನ್ನು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಬೇಕು. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಮೆಲ್ಲಗೆ ಹೊಯ್ಯುತ್ತಿರಬೇಕು. ಮಂಜುಗಡ್ಡೆ ಬೇಡ, ಅದು ರಕ್ತನಾಳಗಳನ್ನು ಸಂಕೋಚಗೊಳಿಸಿ ನೊಂದ ಚರ್ಮವನ್ನು ಇನ್ನಷ್ಟು ನೋಯಿಸುತ್ತದೆ. ಬಳೆ, ಉಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಬೇಕು. ಬಳಿಕ ಒಗೆದ ಬಟ್ಟೆಯನ್ನು ಸಡಿಲವಾಗಿ ಹೊದಿಸಬೇಕು. ಗಾಯ ಅಂಗೈಗಿಂತ ದೊಡ್ಡದಾಗಿದ್ದರೆ, ಮುಖದ ಮೇಲಿದ್ದರೆ, ಅಥವಾ ಮಗುವಿಗಾಗಿದ್ದರೆ ವೈದ್ಯರು ನೋಡಲೇಬೇಕು.

ಬಿಸಿಲಿನ ಹೊಡೆತ

ಇದೇ ನೀರು ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಇನ್ನೊಂದು ರೀತಿ ಪ್ರಾಣ ಉಳಿಸುತ್ತದೆ. ಚರ್ಮದ ಮೇಲಿನ ಒಂದು ಗ್ರಾಮ್ ನೀರು ಆವಿಯಾಗುವಾಗ ಸುಮಾರು ೫೮೦ ಕ್ಯಾಲೊರಿ ಗುಪ್ತೋಷ್ಣವನ್ನು ಸೆಳೆದುಕೊಳ್ಳುತ್ತದೆ. ೬೦ ಕಿಲೋಗ್ರಾಮ್ ತೂಕದ ಮನುಷ್ಯನ ದೇಹವನ್ನು ಒಂದು ಡಿಗ್ರಿ ತಣಿಸಲು ಸುಮಾರು ೫೦,೦೦೦ ಕ್ಯಾಲೊರಿಗಳನ್ನು ತೆಗೆಯಬೇಕು. ಎಂದರೆ ನೂರು ಗ್ರಾಮ್ ನೀರು, ಅರ್ಧ ಲೋಟಕ್ಕೂ ಹೆಚ್ಚಿಲ್ಲದಷ್ಟು, ಮೈಮೇಲೆ ಆವಿಯಾದರೆ ಒಂದು ಡಿಗ್ರಿಯ ತಾಪ ಕಳೆಯುತ್ತದೆ! ಮೈ ಸುಡುತ್ತ, ಮಾತು ತೊದಲುತ್ತ, ಎಚ್ಚರ ತಪ್ಪುತ್ತಿರುವವನನ್ನು ನೆರಳಿಗೆ ಒಯ್ದು, ಬಟ್ಟೆ ಸಡಲಿಸಿ, ಮೈಯೆಲ್ಲ ಒದ್ದೆಮಾಡಿ ಬಿಡದೆ ಗಾಳಿ ಬೀಸಬೇಕು. ತೇವಭರಿತವಾದ ಕರಾವಳಿಯ ಗಾಳಿಯಲ್ಲಿ ನೀರು ಬೇಗ ಆವಿಯಾಗದು. ಅಲ್ಲಿ ಧಾರಾಳವಾಗಿ ತಣ್ಣೀರು ಸುರಿಯುವುದೇ ಮೇಲು. ಎಚ್ಚರವಿಲ್ಲದವನ ಬಾಯಿಗೆ ಏನನ್ನೂ ಹಾಕಕೂಡದು. ತಣಿಸುವ ಕೆಲಸ ಸಾಗುತ್ತಿರುವಾಗಲೇ ವಾಹನಕ್ಕೆ ಹೇಳಿಕಳುಹಿಸಬೇಕು.

ಸಾಬೂನು, ಜೇನು, ಲವಂಗ

ಗಾಯಕ್ಕೆ ಅರಿಸಿನ ಹಚ್ಚುವ ಮೊದಲು ಸಾಬೂನನ್ನು ನೆನೆಯಬೇಕು. ಅಂಗಡಿಯ ಅರಿಸಿನದ ಪುಡಿ ರೋಗಾಣುರಹಿತವಲ್ಲ. ಶುದ್ಧ ನೀರಿನಿಂದ ಕೊಳೆಯನ್ನು ತೊಳೆದು ತೆಗೆಯುವುದೇ ಮೊದಲ ಮದ್ದು. ನಾಯಿ ಕಚ್ಚಿದಾಗಲಂತೂ ಇದು ಜೀವದ ಪ್ರಶ್ನೆ. ರೇಬೀಸ್ ವೈರಸ್ಸಿನ ಹೊರಗವಚ ಜಿಡ್ಡಿನದು. ಸಾಬೂನು ಅದನ್ನು ಒಡೆಯುತ್ತದೆ. ಹದಿನೈದು ನಿಮಿಷ ಸಾಬೂನು ಮತ್ತು ಹರಿಯುವ ನೀರಿನಿಂದ ತೊಳೆದು ಅದೇ ದಿನ ಲಸಿಕೆಗೆ ಹೊರಡಬೇಕು. ಸುಣ್ಣ, ಮೆಣಸಿನಪುಡಿ ಮೆತ್ತಬಾರದು. ರೇಬೀಸಿನ ಲಕ್ಷಣಗಳು ತೋರಿದ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು.

ಜೇನಿನಲ್ಲಿ ನೂರಕ್ಕೆ ಸುಮಾರು ೮೦ ಭಾಗ ಸಕ್ಕರೆ, ನೀರು ಕೇವಲ ೧೮ ಭಾಗ. ಅದರಲ್ಲಿ ಬಿದ್ದ ರೋಗಾಣುವಿನ ಮೈನೀರನ್ನು ಅದೇ ಅಭಿಸರಣ ಹೀರಿಬಿಡುತ್ತದೆ. ಹೀಗಾಗಿ ಜೇನು ವರ್ಷಗಟ್ಟಲೆ ಕೆಡದು. ರಾತ್ರಿಯ ಕೆಮ್ಮಿಗೆ ಒಂದು ಚಮಚ ಜೇನು ಉಪಶಮನ ನೀಡುತ್ತದೆ. ಆಸ್ಪತ್ರೆಗಳಲ್ಲಿ ಗಾಯಕ್ಕೆ ಬಳಸುವ ಜೇನನ್ನು ಗಾಮಾ ಕಿರಣಗಳಿಂದ ಶುದ್ಧಗೊಳಿಸಿರುತ್ತಾರೆ. ಮನೆಯ ಜೇನು ಅಂತಹುದಲ್ಲವಾದ್ದರಿಂದ ಆಳವಾದ ಗಾಯಕ್ಕೆ ಬೇಡ. ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಲೂ ಬಾರದು. ಅದರಲ್ಲಿ ಇರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು.

ಲವಂಗದ ಯೂಜಿನಾಲ್ ಹಲ್ಲಿನ ನರವನ್ನು ಜೋಮುಗೊಳಿಸುತ್ತದೆ. ದಂತವೈದ್ಯರೂ ಇದನ್ನು ಬಳಸುತ್ತಾರೆ. ನೋವು ಅಡಗುತ್ತದೆ, ಹುಳುಕು ಉಳಿಯುತ್ತದೆ. ಶುಂಠಿ ಓಕರಿಕೆಗೆ ಒಳ್ಳೆಯದು. ಓಮ ಹೊಟ್ಟೆಯುಬ್ಬರಕ್ಕೆ ಹಿತವೆನಿಸುತ್ತದೆ. ಆದರೆ ಕೂಸುಗಳಿಗೆ ತೇದು ನೆಕ್ಕಿಸುವ ಬಜೆಯನ್ನು ಪೆಟ್ಟಿಗೆಯಿಂದ ಹೊರಗಿಡಬೇಕು. ಅದರಲ್ಲಿರುವ ಬೀಟಾ ಅಸರೋನ್ ಪ್ರಾಣಿಗಳಲ್ಲಿ ಗಡ್ಡೆಗಳನ್ನು ಉಂಟುಮಾಡಿದುದರಿಂದ ಅಮೆರಿಕವು ೧೯೬೮ರಲ್ಲಿ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ಕರ್ಪೂರವನ್ನೂ ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ನುಂಗಿದರೆ ಸೆಳವು ಬರುತ್ತದೆ.

ಯಾವ ಮನೆಮದ್ದೂ ಇಲ್ಲದ ಕಡೆ

ಹಾವಿನ ಕಡಿತಕ್ಕೆ ಮನೆಯಲ್ಲಿ ಮದ್ದಿಲ್ಲ. ೨೦೦೦ದಿಂದ ೨೦೧೯ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು ೧೨ ಲಕ್ಷ ಜನ ಸತ್ತರೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜುಮಾಡಿತು. ಹೀಗಿದ್ದೂ ಬೇರು, ಸೊಪ್ಪು, ಮಂತ್ರಗಳಿಂದ ಬದುಕಿದವರ ಕಥೆಗಳು ಊರೂರಲ್ಲಿ ಏಕೆ ಇವೆ? ಕಾರಣ ಸರಳವಾಗಿದೆ. ನಮ್ಮ ಹಾವುಗಳಲ್ಲಿ ಬಹುಪಾಲು ವಿಷರಹಿತ. ವಿಷದ ಹಾವೂ ಕೆಲವೊಮ್ಮೆ ವಿಷವಿಳಿಸದೆ ಕಚ್ಚುತ್ತದೆ. ಅಂಥವರು ಏನೂ ಮಾಡದಿದ್ದರೂ ಬದುಕುತ್ತಾರೆ. ಕೀರ್ತಿ ಮಾತ್ರ ಬೇರಿಗೆ ಸಲ್ಲುತ್ತದೆ. ಮದ್ದು ಕೊಟ್ಟವರನ್ನೂ ಕೊಡದವರನ್ನೂ ಹೋಲಿಸಿ ನೋಡದ ಹೊರತು ಮದ್ದಿನ ಗುಣ ತಿಳಿಯದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೊಂದೇ ಔಷಧ. ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕಡಿತಕ್ಕೊಳಗಾದ ಅಂಗವನ್ನು ಅಲುಗದಂತೆ ಪಟ್ಟಿಗೆ ಕಟ್ಟಿ, ನಡೆಸದೆ, ಆಸ್ಪತ್ರೆಗೆ ಒಯ್ಯಬೇಕು. ಎದೆನೋವು, ಪಾರ್ಶ್ವವಾಯು, ಹೆರಿಗೆಯ ರಕ್ತಸ್ರಾವ, ವಿಷಪ್ರಾಶನಗಳಲ್ಲಿಯೂ ಮನೆಮದ್ದಿಗಾಗಿ ಕಳೆದ ಒಂದೊಂದು ನಿಮಿಷವೂ ನಷ್ಟವೇ.

ಪೆಟ್ಟಿಗೆಯನ್ನು ಕಾಪಾಡುವುದು

ಲವಂಗ, ಓಮ, ಒಣಶುಂಠಿಗಳನ್ನು ಪುಡಿಮಾಡದೆ ಇಡಬೇಕು. ಒಂದು ಸೆಂಟಿಮೀಟರಿನ ಘನವನ್ನು ಒಂದು ಮಿಲಿಮೀಟರಿನ ಘನಗಳಾಗಿ ಕತ್ತರಿಸಿದರೆ ಅದರ ಮೇಲ್ಮೈ ಹತ್ತು ಪಟ್ಟು ಹೆಚ್ಚುತ್ತದೆ. ಮೇಲ್ಮೈ ಹೆಚ್ಚಿದಷ್ಟೂ ಸುಗಂಧತೈಲ ಬೇಗ ಆರಿಹೋಗುತ್ತದೆ, ತೇವ ಬೇಗ ಸೇರುತ್ತದೆ. ಬಿಗಿ ಮುಚ್ಚಳದ ಗಾಜಿನ ಶೀಶೆ, ಬೆಳಕು ಬೀಳದ ಒಣ ಜಾಗ, ಶೀಶೆಯ ಮೇಲೆ ತುಂಬಿಟ್ಟ ತಿಂಗಳು ಮತ್ತು ವರ್ಷ, ಇಷ್ಟು ಸಾಕು.

ಹೀಗೆ ನಮ್ಮ ಪೆಟ್ಟಿಗೆಯಲ್ಲಿ ಓ.ಆರ್.ಎಸ್. ಪೊಟ್ಟಣ, ಉಪ್ಪು, ಸಕ್ಕರೆ, ಒಂದು ಟೀ ಚಮಚ, ಲೀಟರಿನ ಗುರುತುಳ್ಳ ಪಾತ್ರೆ, ಸಾಬೂನು, ಪಟಿಕ, ಒಗೆದು ಒಣಗಿಸಿದ ಬಟ್ಟೆ, ಜೇನು, ಲವಂಗ, ಶುಂಠಿ, ಓಮಗಳು ಸೇರಿದವು. ಇನ್ನೊಂದು ವಸ್ತು ಬಾಕಿ ಇದೆ. ಮುಚ್ಚಳದ ಒಳಬದಿಗೆ ಒಂದು ಕಾಗದವನ್ನು ಅಂಟಿಸಿ, ಅದರ ಮೇಲೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪಿನ ಲೆಕ್ಕವನ್ನೂ, ಆಸ್ಪತ್ರೆಗೆ ಹೊರಡಲೇಬೇಕಾದ ಲಕ್ಷಣಗಳನ್ನೂ, ಹತ್ತಿರದ ಆರೋಗ್ಯ ಕೇಂದ್ರದ ದೂರವಾಣಿಯನ್ನೂ, ೧೦೮ ಎಂಬ ಅಂಕಿಯನ್ನೂ ದಪ್ಪ ಅಕ್ಷರಗಳಲ್ಲಿ ಬರೆದಿಡಬೇಕು. ನಡುರಾತ್ರಿಯಲ್ಲಿ ಮಗು ಅಳುತ್ತಿರುವಾಗ ಯಾರ ನೆನಪೂ ನೆಟ್ಟಗಿರುವುದಿಲ್ಲ. ಮುಂಗಾರು ಕಾಲಿಡುವ ಮೊದಲು ಒಂದು ಭಾನುವಾರದ ಮಧ್ಯಾಹ್ನವನ್ನು ಈ ಕೆಲಸಕ್ಕೆ ಮೀಸಲಿಡಬೇಕೆಂದು ಓದುಗರಲ್ಲಿ ನಮ್ಮ ವಿನಂತಿ.