ಮಾರಾಟದ ಅಂಕಿಯೂ ಗೆಲುವಿನ ಲೆಕ್ಕವೂ

ಈ ಶಾಲೆಯಲ್ಲಿ ಲೆಕ್ಕ ಕಲಿತ ನನಗೆ ಸುವರ್ಣ ಮಹೋತ್ಸವದ ಸಂಚಿಕೆಗೆ ಬರೆಯಬೇಕೆಂಬ ಕರೆ ಬಂದಾಗ, ಮನೆಯಲ್ಲಿ ನಡೆಯುತ್ತಿದ್ದ ಚರ್ಚೆಯೇ ವಿಷಯವಾಗಿ ಒದಗಿತು. ನನ್ನ ತಮ್ಮನ ಮಗ ಕಾಸರಗೋಡು ಪೇಟೆಯಲ್ಲಿ ವಿಡಿಯೋ ಗೇಮ್ ಯಂತ್ರಗಳ ಅಂಗಡಿ ತೆರೆಯಲು ಬ್ಯಾಂಕಿನಿಂದ ಸಾಲ ಪಡೆಯಲಿದ್ದಾನೆ. ಜಾಮೀನಿಗೆ ನನ್ನ ರುಜು ಬೇಕಾಗಿದೆ. “ದೊಡ್ಡಪ್ಪ, 2000ದಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್ 2 ಒಂದೇ 15 ಕೋಟಿಗೂ ಮಿಕ್ಕಿ ಮಾರಾಟವಾಗಿದೆ, ಇನ್ನೇನು ಸಂಶಯ?” ಎಂಬುದು ಅವನ ವಾದ.

ಅಂಕಿ ಸುಳ್ಳಲ್ಲ. ಆದರೆ ತಯಾರಕರು ಪ್ರಕಟಿಸುವ ಸಂಖ್ಯೆ ಹೆಚ್ಚಾಗಿ ವ್ಯಾಪಾರಿಗಳಿಗೆ ರವಾನಿಸಿದ ಯಂತ್ರಗಳದು, ಗಿರಾಕಿಯ ಮನೆ ಸೇರಿದವುಗಳದಲ್ಲ. ಅಡಿಕೆಯನ್ನು ಮಂಡಿಗೆ ಹಾಕಿ ಕಾದವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ನಿಂಟೆಂಡೊ ಸಂಸ್ಥೆಯು 2001ರಲ್ಲಿ ಹೊರತಂದ ಗೇಮ್‌ಕ್ಯೂಬ್ ಯಂತ್ರದ ದಾಸ್ತಾನು ಕರಗದೆ ಉಳಿದಾಗ, 2003ರಲ್ಲಿ ಅದರ ತಯಾರಿಕೆಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ರವಾನೆಗೂ ಮಾರಾಟಕ್ಕೂ ಇರುವ ಅಂತರ ಕಾಲಕ್ರಮೇಣ ಕಡಿಮೆಯಾಗುವುದು ನಿಜ. ಆ ನಡುವಿನ ತಿಂಗಳುಗಳ ಭಾರವನ್ನು ಅಂಗಡಿಯವನೂ ಹೊರಬೇಕು.

ಇನ್ನು ಗೆಲುವಿನ ಮಾತು. ಗೇಮ್‌ಕ್ಯೂಬ್‌ನ ಒಟ್ಟು ಸಂಖ್ಯೆ ಸುಮಾರು 2 ಕೋಟಿ 17 ಲಕ್ಷ. ಅದೇ ವರ್ಷ ಬಂದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ನದು ಸುಮಾರು 2 ಕೋಟಿ 40 ಲಕ್ಷ. ಪಟ್ಟಿಯನ್ನಷ್ಟೇ ನೋಡಿದವರು ಎಕ್ಸ್‌ಬಾಕ್ಸ್ ಮುಂದೆಂದಾರು. ಆದರೆ ಮೈಕ್ರೋಸಾಫ್ಟ್ ತನ್ನ ಯಂತ್ರವನ್ನು ತಯಾರಿಕೆಯ ವೆಚ್ಚಕ್ಕಿಂತಲೂ ಕಡಿಮೆ ಬೆಲೆಗೆ ಮಾರುತ್ತಿತ್ತು. ಆ ವಿಭಾಗಕ್ಕಾದ ನಷ್ಟ ನೂರಾರು ಕೋಟಿ ಡಾಲರು. ನಿಂಟೆಂಡೊ ಅದೇ ಅವಧಿಯ ವಾರ್ಷಿಕ ಲೆಕ್ಕಗಳಲ್ಲಿ ಲಾಭವನ್ನೇ ತೋರಿಸಿತು. ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್ ಅದರ ಬೆಂಬಲಕ್ಕಿತ್ತು. ಹಾಗೆಂದು ಮೈಕ್ರೋಸಾಫ್ಟ್ ಸೋತಿತೆಂದು ನಾನು ಹೇಳಲಾರೆ. ಹಣ ತೆತ್ತು ಅದು ಪೇಟೆಯಲ್ಲಿ ಸ್ಥಾನ ಪಡೆಯಿತು. ಅಂತಹ ಹಣಬಲವಿಲ್ಲದ ಸೇಗಾ ಸಂಸ್ಥೆಯು 90 ಲಕ್ಷದಷ್ಟು ಡ್ರೀಮ್‌ಕಾಸ್ಟ್ ಯಂತ್ರಗಳನ್ನು ಮಾರಿಯೂ 2001ರಲ್ಲಿ ಯಂತ್ರ ತಯಾರಿಕೆಯನ್ನೇ ಕೈಬಿಟ್ಟಿತು.

ಯಂತ್ರದಲ್ಲಾದ ನಷ್ಟವನ್ನು ತುಂಬಿಕೊಡುವುದು ಆಟಗಳು. ಅನ್ಯರು ರಚಿಸಿದ ಆಟದ ಮೇಲೂ ಯಂತ್ರದ ಒಡೆಯನಿಗೆ ಪಾಲುಂಟು. ಆದುದರಿಂದ ಯಂತ್ರವೊಂದಕ್ಕೆ ಎಷ್ಟು ಆಟಗಳು ಖರ್ಚಾದವೆಂದು ಕೇಳಬೇಕು. ಪ್ಲೇಸ್ಟೇಷನ್ 2 ಡಿವಿಡಿಗಳನ್ನೂ ನಡೆಸುತ್ತಿತ್ತು. ಸಿನಿಮಾ ನೋಡಲೆಂದು ಕೊಂಡವರೂ ಆ 15 ಕೋಟಿಯಲ್ಲಿದ್ದಾರೆ. ಈಗಂತೂ ಬಹಳಷ್ಟು ಆಟಗಳು ಅಂತರಜಾಲದಿಂದ ನೇರವಾಗಿ ಮನೆಗೇ ಇಳಿಯುತ್ತವೆ, ಅಂಗಡಿಯ ಹೊಸ್ತಿಲನ್ನು ತುಳಿಯುವುದಿಲ್ಲ.

ಇದನ್ನು ಕೇಳಿ ಹುಡುಗ ಸುಮ್ಮನಾದ. ಯಂತ್ರವೊಂದರಲ್ಲಿ ತನಗೆ ಉಳಿಯುವುದೆಷ್ಟು, ಮಾರಾಟವಾಗದುದನ್ನು ಸಗಟು ವ್ಯಾಪಾರಿ ಹಿಂದಕ್ಕೆ ಪಡೆಯುವನೇ ಎಂದು ವಿಚಾರಿಸಲು ನಿನ್ನೆ ಮಂಗಳೂರಿಗೆ ಹೋಗಿದ್ದಾನೆ. ಜಾಮೀನಿನ ಕಾಗದ ನನ್ನ ಮೇಜಿನ ಮೇಲೆಯೇ ಇದೆ.