ಹಳೆಯ ವಾಹನಗಳ ಇಂಧನ ಮಾಪಕ

ಇಂಧನ ಮಾಪಕವು ವಾಹನದ ಟ್ಯಾಂಕಿನಲ್ಲಿ ಉಳಿದಿರುವ ಪೆಟ್ರೋಲ್ ಅಥವಾ ಡೀಸೆಲ್‌ನ ಮಟ್ಟವನ್ನು ಚಾಲಕನ ಮುಂದಿನ ಡ್ಯಾಶ್‌ಬೋರ್ಡಿನಲ್ಲಿ ಮುಳ್ಳಿನ ಮೂಲಕ ತೋರಿಸುವ ವಿದ್ಯುತ್ ಉಪಕರಣವಾಗಿದೆ. ಆಡುಮಾತಿನಲ್ಲಿ ಇದನ್ನು ಡೀಸೆಲ್ ಮೀಟರ್, ಪೆಟ್ರೋಲ್ ಮೀಟರ್ ಅಥವಾ ಫ್ಯುಯೆಲ್ ಗೇಜ್ ಎನ್ನುತ್ತಾರೆ. ಹಳೆಯ ಕಾರು, ಜೀಪು, ಟ್ರ್ಯಾಕ್ಟರ್, ಸರಕು ಸಾಗಣೆ ವಾಹನ ಮತ್ತು ಕ್ಯಾರವಾನ್‌ಗಳಲ್ಲಿ (ಮೋಟರ್‌ಹೋಮ್) ಈ ಉಪಕರಣವು ಇಂಧನವನ್ನು ನೇರವಾಗಿ ಅಳೆಯುವುದಿಲ್ಲ. ಅದು ಅಳೆಯುವುದು ಒಂದು ವಿದ್ಯುತ್ ಮಂಡಲದ ರೋಧವನ್ನು ಮಾತ್ರ. ಆದ್ದರಿಂದ ಮಂಡಲದಲ್ಲಿ ಎಲ್ಲಿಯಾದರೂ ತುಕ್ಕು ಹಿಡಿದರೆ ಅಥವಾ ಜೋಡಣೆ ಸಡಿಲವಾದರೆ, ಅದನ್ನೂ ಮಾಪಕವು ಇಂಧನದ ಏರಿಳಿತವೆಂದೇ ತೋರಿಸುತ್ತದೆ.

ರಚನೆ

ಮಾಪಕದ ವ್ಯವಸ್ಥೆಯಲ್ಲಿ ಎರಡು ಮುಖ್ಯ ಭಾಗಗಳಿವೆ. ಮೊದಲನೆಯದು ಟ್ಯಾಂಕಿನೊಳಗಿನ ಘಟಕ. ಇದನ್ನು ಮೆಕ್ಯಾನಿಕ್‌ಗಳು ಟ್ಯಾಂಕ್ ಯೂನಿಟ್ ಅಥವಾ ಫ್ಲೋಟ್ ಎಂದು ಕರೆಯುತ್ತಾರೆ. ಇಂಧನದ ಮೇಲೆ ತೇಲುವ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್‌ನ ಫ್ಲೋಟ್ ಒಂದು ತೋಳಿಗೆ ಜೋಡಣೆಯಾಗಿರುತ್ತದೆ. ಮಟ್ಟವು ಏರಿದಂತೆ ಅಥವಾ ಇಳಿದಂತೆ ತೋಳಿನ ಇನ್ನೊಂದು ತುದಿಯು ರೋಧ ತಂತಿಯ ಸುರುಳಿಯ ಮೇಲೆ ಸರಿಯುತ್ತದೆ ಮತ್ತು ಮಂಡಲದ ರೋಧವು ಬದಲಾಗುತ್ತದೆ. ಎರಡನೆಯದು ಡ್ಯಾಶ್‌ಬೋರ್ಡಿನ ಮೀಟರ್.

ಬ್ಯಾಟರಿಯಿಂದ ಹೊರಟ ವಿದ್ಯುತ್ತು ಕೀಲಿ ಸ್ವಿಚ್, ಫ್ಯೂಸ್, ಮೀಟರ್, ಹಿಂಬದಿಗೆ ಹೋಗುವ ತಂತಿ ಮತ್ತು ಟ್ಯಾಂಕ್ ಯೂನಿಟ್ ಇವುಗಳನ್ನು ಕ್ರಮವಾಗಿ ಹಾದು, ಟ್ಯಾಂಕಿನ ಅರ್ಥಿಂಗ್ ಹಾಗೂ ಚಾಸಿಯ ಮೂಲಕ ಬ್ಯಾಟರಿಯ ಋಣ ತುದಿಗೆ ಮರಳುತ್ತದೆ. ಈ ಮರುದಾರಿಗೆ ಸಾಮಾನ್ಯವಾಗಿ ಉದ್ದನೆಯ ಪ್ರತ್ಯೇಕ ತಂತಿಯಿರುವುದಿಲ್ಲ; ವಾಹನದ ಲೋಹದ ದೇಹವೇ ಆ ಕೆಲಸ ಮಾಡುತ್ತದೆ. ಹಳೆಯ ವಾಹನಗಳಲ್ಲಿ ಬಹಳಷ್ಟು ದೋಷಗಳು ಹುಟ್ಟುವುದು ಇಲ್ಲಿಯೇ.

ಮೀಟರ್‌ಗಳಲ್ಲಿ ಎರಡು ಬಗೆಗಳು ಪ್ರಮುಖವಾಗಿವೆ:

ಉಷ್ಣ ಮೀಟರ್: ಎರಡು ಲೋಹಗಳ ಪಟ್ಟಿಗೆ ಸುತ್ತಿದ ತಂತಿಯು ಬಿಸಿಯಾದಾಗ ಪಟ್ಟಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಕೀಲಿ ತಿರುಗಿಸಿದ ಮೇಲೆ ಮುಳ್ಳು ನಿಧಾನವಾಗಿ ಏರುತ್ತದೆ. ಬ್ಯಾಟರಿಯ ವೋಲ್ಟೇಜ್ ಬದಲಾದರೆ ಮುಳ್ಳೂ ಬದಲಾಗುವುದರಿಂದ ಇಂತಹ ಮೀಟರ್‌ಗಳಿಗೆ ಪ್ರತ್ಯೇಕ ವೋಲ್ಟೇಜ್ ನಿಯಂತ್ರಕವಿರುತ್ತದೆ. ಬ್ರಿಟಿಷ್ ವಿನ್ಯಾಸದ ಅನೇಕ ಕಾರುಗಳಲ್ಲಿ ಅದು ಸರಾಸರಿ 10 ವೋಲ್ಟ್ ನೀಡುತ್ತದೆ.

ಜೋಡಿ ಸುರುಳಿ ಮೀಟರ್: ಎರಡು ಸುರುಳಿಗಳ ಕಾಂತಬಲದ ಅನುಪಾತದಂತೆ ಮುಳ್ಳು ತಿರುಗುತ್ತದೆ. ಇದು ಬೇಗನೆ ಚಲಿಸುತ್ತದೆ. ಬ್ಯಾಟರಿಯ ವೋಲ್ಟೇಜ್‌ನ ಏರಿಳಿತದಿಂದ ಹೆಚ್ಚು ಬಾಧಿತವಾಗುವುದಿಲ್ಲ.

ರೋಧದ ಎರಡು ಕ್ರಮಗಳು

ಎಲ್ಲ ತಯಾರಕರೂ ಒಂದೇ ರೋಧದ ಅಳತೆಯನ್ನು ಬಳಸುವುದಿಲ್ಲ. ದೋಷ ಪತ್ತೆಗೆ ಮುನ್ನ ವಾಹನವು ಯಾವ ಕ್ರಮಕ್ಕೆ ಸೇರಿದೆ ಎಂಬುದನ್ನು ತಿಳಿಯಬೇಕು.

ಏರು ಕ್ರಮ: ಟ್ಯಾಂಕ್ ತುಂಬಿದಂತೆ ರೋಧ ಹೆಚ್ಚುತ್ತದೆ. ಖಾಲಿಯಿದ್ದಾಗ 0 ಮತ್ತು ತುಂಬಿದಾಗ 90 ಓಮ್, ಅಥವಾ ಖಾಲಿಯಿದ್ದಾಗ 10 ಮತ್ತು ತುಂಬಿದಾಗ 180 ಓಮ್ ಇದರ ಪರಿಚಿತ ಅಳತೆಗಳು.

ಇಳಿ ಕ್ರಮ: ಟ್ಯಾಂಕ್ ತುಂಬಿದಂತೆ ರೋಧ ಕಡಿಮೆಯಾಗುತ್ತದೆ. ಖಾಲಿಯಿದ್ದಾಗ 240 ಮತ್ತು ತುಂಬಿದಾಗ 33 ಓಮ್, ಅಥವಾ ಖಾಲಿಯಿದ್ದಾಗ 73 ಮತ್ತು ತುಂಬಿದಾಗ 10 ಓಮ್ ಇದರ ಉದಾಹರಣೆಗಳು. ಹೆಚ್ಚು ಪ್ರವಾಹಕ್ಕೆ ಮುಳ್ಳು ಹೆಚ್ಚು ಏರುವ ಉಷ್ಣ ಮೀಟರ್‌ಗಳು ಈ ಕ್ರಮದವು.

ಒಂದೇ ದೋಷವು ಈ ಎರಡು ಕ್ರಮಗಳಲ್ಲಿ ವಿರುದ್ಧವಾದ ಫಲ ನೀಡುತ್ತದೆ. ಟ್ಯಾಂಕಿನ ಅರ್ಥಿಂಗ್‌ನಲ್ಲಿ ತುಕ್ಕು ಹಿಡಿದು 20 ಓಮ್ ರೋಧ ಸೇರಿಕೊಂಡಿತೆಂದು ಭಾವಿಸಿದರೆ, 240–33 ಓಮ್‌ನ ವಾಹನದಲ್ಲಿ ತುಂಬಿದ ಟ್ಯಾಂಕಿಗೆ 33ರ ಬದಲು 53 ಓಮ್ ಕಾಣುತ್ತದೆ. ಮುಳ್ಳು ತುಂಬಿದ ಗೆರೆಯನ್ನು ಮುಟ್ಟದೆ ಕೆಳಗೆ ನಿಲ್ಲುತ್ತದೆ. 0–90 ಓಮ್‌ನ ವಾಹನದಲ್ಲಿ ಪೂರ್ತಿ ಖಾಲಿಯಾದ ಟ್ಯಾಂಕಿಗೂ 20 ಓಮ್ ಕಾಣುವುದರಿಂದ ಸುಮಾರು ಕಾಲು ಭಾಗ ಇಂಧನವಿದೆ ಎಂದು ಮುಳ್ಳು ತೋರಿಸುತ್ತದೆ. ಮೊದಲನೆಯ ತಪ್ಪು ಚಾಲಕನನ್ನು ಬೇಗನೆ ಬಂಕಿಗೆ ಕಳುಹಿಸುತ್ತದೆ. ಎರಡನೆಯದು ದಾರಿಯ ನಡುವೆ ನಿಲ್ಲಿಸುತ್ತದೆ.

ದೋಷಗಳು ಮತ್ತು ಲಕ್ಷಣಗಳು

ಇಂಧನ ಮಾಪಕದ ಜೊತೆಗೆ ಎಂಜಿನ್ ಶಾಖದ ಮೀಟರ್ ಕೂಡ ತಪ್ಪು ತೋರಿಸಿದರೆ ದೋಷವು ಟ್ಯಾಂಕಿನಲ್ಲಿಲ್ಲ, ಎರಡಕ್ಕೂ ಸಾಮಾನ್ಯವಾದ ಭಾಗದಲ್ಲಿದೆ ಎಂದು ತಿಳಿಯಬೇಕು. ಎರಡೂ ಸತ್ತಿದ್ದರೆ ಫ್ಯೂಸ್, ಕೀಲಿ ಸ್ವಿಚ್ ಅಥವಾ ವೋಲ್ಟೇಜ್ ನಿಯಂತ್ರಕವನ್ನು ನೋಡಬೇಕು. ಎರಡೂ ಅಗತ್ಯಕ್ಕಿಂತ ಹೆಚ್ಚು ತೋರಿಸಿದರೆ ನಿಯಂತ್ರಕದ ಅರ್ಥಿಂಗ್ ಕಡಿದಿರುವ ಸಂಭವವಿದೆ. ಆಗ ನಿಯಂತ್ರಕವು ತಡೆಯುವುದನ್ನು ನಿಲ್ಲಿಸಿ ಬ್ಯಾಟರಿಯ ಪೂರ್ಣ ವೋಲ್ಟೇಜ್ ಮೀಟರ್‌ಗಳಿಗೆ ಹರಿಯುತ್ತದೆ.

ಇಂಧನ ಮಾಪಕ ಮಾತ್ರ ಕೆಟ್ಟಿದ್ದರೆ ಅದರ ಲಕ್ಷಣಗಳು ಹೀಗಿರುತ್ತವೆ:

ಟ್ಯಾಂಕ್ ತುಂಬಿದರೂ ಮುಳ್ಳು ಸದಾ ಖಾಲಿಯಲ್ಲಿರುವುದು: ಹಿತ್ತಾಳೆಯ ಫ್ಲೋಟ್ ಬೆಸುಗೆ ಬಿಟ್ಟು ಒಳಗೆ ಇಂಧನ ತುಂಬಿ ಮುಳುಗಿರಬಹುದು. ಇಳಿ ಕ್ರಮದಲ್ಲಿ ತಂತಿ ತುಂಡಾಗಿದ್ದರೂ, ಏರು ಕ್ರಮದಲ್ಲಿ ತಂತಿ ಸವೆದು ಬಾಡಿಗೆ ತಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ.

ಮುಳ್ಳು ಸದಾ ತುಂಬಿದ ಕಡೆಗಿರುವುದು: ಏರು ಕ್ರಮದಲ್ಲಿ ತಂತಿ ಅಥವಾ ಅರ್ಥಿಂಗ್ ಕಡಿದಿದೆ, ಇಳಿ ಕ್ರಮದಲ್ಲಿ ತಂತಿ ಬಾಡಿಗೆ ತಾಗಿದೆ.

ಒಂದು ಮಟ್ಟದಲ್ಲಿ ಮಾತ್ರ ಮುಳ್ಳು ನೆಗೆಯುವುದು: ಟ್ಯಾಂಕ್ ಯೂನಿಟ್‌ನ ರೋಧ ಸುರುಳಿ ಆ ಜಾಗದಲ್ಲಿ ಸವೆದಿದೆ.

ದೀಪ ಹೊತ್ತಿಸಿದಾಗ ಅಥವಾ ಬ್ರೇಕ್ ಒತ್ತಿದಾಗ ಮುಳ್ಳು ಅಲುಗುವುದು: ಹಿಂಬದಿಯ ದೀಪಗಳ ಅರ್ಥಿಂಗ್ ಮತ್ತು ಟ್ಯಾಂಕಿನ ಅರ್ಥಿಂಗ್ ಒಂದೇ ಜಾಗದಲ್ಲಿದ್ದು, ಆ ಜೋಡಣೆ ಸಡಿಲವಾಗಿದೆ.

ಪರೀಕ್ಷೆಯ ಕ್ರಮ

ಮೀಟರ್ ಅಥವಾ ಟ್ಯಾಂಕ್ ಯೂನಿಟ್ ಬದಲಿಸುವುದಕ್ಕೆ ಮುನ್ನ ಮಂಡಲವನ್ನು ತುಂಡು ತುಂಡಾಗಿ ಪರೀಕ್ಷಿಸುವುದು ವೆಚ್ಚವನ್ನು ಉಳಿಸುತ್ತದೆ. ಇದಕ್ಕೆ ಒಂದು ಮಲ್ಟಿಮೀಟರ್ ಸಾಕು.

1. ಬ್ಯಾಟರಿ: ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ ಪೂರ್ಣ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. ಎಂಜಿನ್ ನಡೆಯುವಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಬರಬೇಕು.

2. ಫ್ಯೂಸ್: ಕಣ್ಣಿಗೆ ಸರಿಯಾಗಿ ಕಂಡರೂ ಫ್ಯೂಸ್‌ನ ಎರಡೂ ತುದಿಗಳಲ್ಲಿ ವೋಲ್ಟೇಜ್ ನೋಡಬೇಕು. ಹಳೆಯ ಫ್ಯೂಸ್ ಹಿಡಿಕೆಗಳಲ್ಲಿ ಕಿಲುಬು ಹಿಡಿದು ಸಂಪರ್ಕ ತಪ್ಪುವುದು ಸಾಮಾನ್ಯ.

3. ಅರ್ಥಿಂಗ್: ಟ್ಯಾಂಕ್ ಯೂನಿಟ್‌ನ ಅರ್ಥಿಂಗ್ ತುದಿಯಿಂದ ಚಾಸಿಯ ಶುಭ್ರವಾದ ಲೋಹಕ್ಕೆ ತಾತ್ಕಾಲಿಕ ತಂತಿ ಜೋಡಿಸಬೇಕು. ಮೊದಲು ಟ್ಯಾಂಕಿನ ಕಡೆಯ ತುದಿಯನ್ನು, ಕೊನೆಗೆ ಟ್ಯಾಂಕಿನಿಂದ ದೂರದ ತುದಿಯನ್ನು ಜೋಡಿಸಿದರೆ ಕಿಡಿ ಹಾರಿದರೂ ಅದು ಟ್ಯಾಂಕಿನ ಬಳಿ ಹಾರುವುದಿಲ್ಲ. ಆಗ ಮುಳ್ಳು ಸರಿಯಾದ ಜಾಗಕ್ಕೆ ಬಂದರೆ ದೋಷ ಅರ್ಥಿಂಗ್‌ನದ್ದೇ; ಜೋಡಣೆಯನ್ನು ಬಿಚ್ಚಿ, ಉಜ್ಜಿ, ಬಿಗಿಗೊಳಿಸಿದರೆ ಕೆಲಸ ಮುಗಿಯುತ್ತದೆ.

4. ತಂತಿ ಮತ್ತು ಮೀಟರ್: ಕೀಲಿ ಮುಚ್ಚಿ, ಟ್ಯಾಂಕ್ ಯೂನಿಟ್‌ಗೆ ಬರುವ ತಂತಿಯನ್ನು ಕಳಚಿ, ಕೀಲಿ ತೆರೆದು ಮುಳ್ಳನ್ನು ಗಮನಿಸಬೇಕು. ಇಳಿ ಕ್ರಮದಲ್ಲಿ ಅದು ಖಾಲಿಗೆ, ಏರು ಕ್ರಮದಲ್ಲಿ ತುಂಬಿದ ಕಡೆಗೆ ಹೋಗಬೇಕು. ಬಳಿಕ ಆ ತಂತಿಯನ್ನು ಸುಮಾರು 10 ಓಮ್ ರೋಧಕದ ಮೂಲಕ, ಟ್ಯಾಂಕಿನಿಂದ ದೂರದಲ್ಲಿ, ಚಾಸಿಗೆ ಕ್ಷಣಕಾಲ ಜೋಡಿಸಿದಾಗ ಮುಳ್ಳು ಎದುರು ದಿಕ್ಕಿಗೆ ಹೋಗಬೇಕು. ಎರಡೂ ಆದರೆ ಮೀಟರ್ ಮತ್ತು ತಂತಿ ಸರಿಯಾಗಿವೆ. ರೋಧಕವಿಲ್ಲದೆ ನೇರವಾಗಿ ಬಹಳ ಹೊತ್ತು ಜೋಡಿಸಿದರೆ ಉಷ್ಣ ಮೀಟರ್ ಸುಟ್ಟುಹೋಗಬಹುದು. ಎಲೆಕ್ಟ್ರಾನಿಕ್ ಮೀಟರ್‌ಗಳಿರುವ ಹೊಸ ವಾಹನಗಳಿಗೆ ಈ ವಿಧಾನ ಸಲ್ಲದು.

5. ಟ್ಯಾಂಕ್ ಯೂನಿಟ್: ಮೇಲಿನ ಎಲ್ಲವೂ ಸರಿಯಿದ್ದರೆ ಮಾತ್ರ ಯೂನಿಟ್ಟನ್ನು ಹೊರತೆಗೆದು, ತೋಳನ್ನು ನಿಧಾನವಾಗಿ ಎತ್ತುತ್ತಾ ರೋಧವನ್ನು ಅಳೆಯಬೇಕು. ಓಮ್‌ಗಳು ಎಲ್ಲಿಯೂ ನೆಗೆಯದೆ ಸಮನಾಗಿ ಬದಲಾಗಬೇಕು. ಹೊಸ ಯೂನಿಟ್ ಕೊಳ್ಳುವಾಗ ಅದರ ಅಳತೆ ಮೀಟರ್‌ಗೆ ಹೊಂದಬೇಕು. ಹೊಂದದಿದ್ದರೆ ಹೊಸದನ್ನು ಹಾಕಿದರೂ ಮುಳ್ಳು ಸುಳ್ಳನ್ನೇ ತೋರಿಸುತ್ತದೆ.

ಕ್ಯಾರವಾನ್‌ಗಳಲ್ಲಿ

ಸರಕು ಅಥವಾ ಪ್ರಯಾಣಿಕ ವಾಹನದ ಚಾಸಿಯ ಮೇಲೆ ಮಲಗುವ ಮತ್ತು ಅಡುಗೆ ಮಾಡುವ ವ್ಯವಸ್ಥೆ ಕಟ್ಟಿದ ಹಳೆಯ ಕ್ಯಾರವಾನ್‌ಗಳಲ್ಲಿ ಈ ದೋಷಗಳು ಇನ್ನಷ್ಟು ತೊಡಕಾಗುತ್ತವೆ. ಮರ ಮತ್ತು ಫೈಬರ್‌ಗ್ಲಾಸ್‌ನ ಗೋಡೆಗಳು ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಪ್ರತಿಯೊಂದು ದೀಪಕ್ಕೂ ಚಾಸಿಯವರೆಗೆ ಮರುದಾರಿಯ ತಂತಿ ಬೇಕು. ಟ್ಯಾಂಕ್ ಪ್ಲಾಸ್ಟಿಕ್‌ನದ್ದಾಗಿದ್ದರೆ ಅದಕ್ಕೂ ಪ್ರತ್ಯೇಕ ಅರ್ಥಿಂಗ್ ತಂತಿ ಇರಲೇಬೇಕು.

ಇವುಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿಗಳಿರುತ್ತವೆ: ಒಂದು ಎಂಜಿನ್ ಚಾಲೂ ಮಾಡಲು, ಇನ್ನೊಂದು ಒಳಗಿನ ದೀಪ, ಫ್ಯಾನ್ ಮತ್ತು ನೀರಿನ ಪಂಪಿಗೆ. ಎಂಜಿನ್ ನಡೆಯುವಾಗ ಮಾತ್ರ ಇವೆರಡನ್ನು ಒಂದು ರಿಲೇ ಜೋಡಿಸುತ್ತದೆ. ಆ ರಿಲೇ ಅಂಟಿಕೊಂಡರೆ ರಾತ್ರಿಯ ದೀಪಗಳು ಎಂಜಿನ್ ಬ್ಯಾಟರಿಯನ್ನೂ ಖಾಲಿ ಮಾಡುತ್ತವೆ. ಒಡೆಯರು ಬದಲಾದಂತೆಲ್ಲ ಸೇರಿಕೊಂಡ ಹೊಸ ತಂತಿಗಳು ಮತ್ತು ಟೇಪು ಸುತ್ತಿದ ಜೋಡಣೆಗಳು ದೋಷ ಹುಡುಕುವುದನ್ನು ಕಷ್ಟವಾಗಿಸುತ್ತವೆ. ಚಾಸಿಯ ಕೆಳಗೆ ಜಾಗಕ್ಕೆ ತಕ್ಕಂತೆ ಕಟ್ಟಿದ ಟ್ಯಾಂಕಿನ ಆಕಾರ ಸಮನಾಗಿಲ್ಲದಿದ್ದರೆ, ಮುಳ್ಳು ಅರ್ಧದಲ್ಲಿದ್ದಾಗ ಇಂಧನವೂ ಅರ್ಧವೇ ಇರುತ್ತದೆ ಎನ್ನಲಾಗದು. ಇದು ವಿದ್ಯುತ್ ದೋಷವಲ್ಲ.

ರಾಯಚೂರು ಜಿಲ್ಲೆಯ ಸಂದರ್ಭ

ಕರ್ನಾಟಕದ ಗ್ರಾಮೀಣ ಭಾಗಗಳಲ್ಲಿ ಕ್ಯಾರವಾನ್‌ಗಳು ವಿರಳ. ಆದರೆ ಅವುಗಳಲ್ಲಿರುವಂತಹ ಮಾಪಕ ವ್ಯವಸ್ಥೆಯು 1986ರಲ್ಲಿ ಬಂದ ಟಾಟಾ 407 ಮುಂತಾದ ಸರಕು ವಾಹನಗಳಲ್ಲಿ, ಹಳೆಯ ಜೀಪುಗಳಲ್ಲಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಬಳಕೆಯಲ್ಲಿದೆ. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಗಬ್ಬೂರು ಪರಿಸರದಲ್ಲಿ ಮತ್ತು ಮಾನ್ವಿ ಭಾಗದಲ್ಲಿ ಹತ್ತಿ ಹಾಗೂ ಭತ್ತದ ಸಾಗಣೆ ಇಂತಹ ವಾಹನಗಳನ್ನು ಅವಲಂಬಿಸಿದೆ.

ಈ ಪ್ರದೇಶದ ಹವೆ ಮತ್ತು ನೆಲ ಎರಡೂ ವೈರಿಂಗ್‌ಗೆ ಅನುಕೂಲಕರವಲ್ಲ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ತಂತಿಯ ಹೊದಿಕೆ ಗಡುಸಾಗಿ ಬಿರಿಯುತ್ತದೆ. ತುಂಗಭದ್ರಾ ಎಡದಂಡೆ ಮತ್ತು ನಾರಾಯಣಪುರ ಬಲದಂಡೆ ಕಾಲುವೆಗಳ ನೀರಾವರಿ ಗದ್ದೆಗಳಲ್ಲಿ ಚಾಸಿಗೆ ಮೆತ್ತಿಕೊಳ್ಳುವ ಎರೆಮಣ್ಣು ತೇವವನ್ನು ಹಿಡಿದಿಟ್ಟುಕೊಂಡು ಅರ್ಥಿಂಗ್ ಬೋಲ್ಟ್‌ಗಳಿಗೆ ತುಕ್ಕು ತರುತ್ತದೆ.

ಡೀಸೆಲ್ ವಾಹನದಲ್ಲಿ ಮಾಪಕದ ತಪ್ಪು ಹೆಚ್ಚು ದುಬಾರಿ. ಟ್ಯಾಂಕ್ ಪೂರ್ತಿ ಬರಿದಾದರೆ ಇಂಧನದ ಕೊಳವೆಗಳಿಗೂ ಪಂಪಿಗೂ ಗಾಳಿ ಸೇರುತ್ತದೆ. ಆಮೇಲೆ ಡೀಸೆಲ್ ತಂದು ಸುರಿದರೂ ಎಂಜಿನ್ ಚಾಲೂ ಆಗದಿರಬಹುದು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ಗುಳ್ಳೆಗಳಿಲ್ಲದೆ ಡೀಸೆಲ್ ಬರುವವರೆಗೆ ಏರ್ ತೆಗೆಯಬೇಕಾಗುತ್ತದೆ. ಇದರ ಅರಿವಿಲ್ಲದೆ ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ಬ್ಯಾಟರಿಯೂ ಇಳಿದುಹೋಗುತ್ತದೆ. ತಳದ ಕೆಸರು ಮತ್ತು ನೀರು ಫಿಲ್ಟರಿಗೆ ಸೇರುವುದು ಇನ್ನೊಂದು ತೊಂದರೆ.

ಸುರಕ್ಷತೆ

ಟ್ಯಾಂಕ್ ಯೂನಿಟ್ ಬಿಚ್ಚುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಕಳಚಬೇಕು. ಕೆಲಸವನ್ನು ಗಾಳಿಯಾಡುವ ಬಯಲಿನಲ್ಲಿ ಮಾಡಬೇಕು. ಬೀಡಿ, ಸಿಗರೇಟು, ಒಲೆ ಮತ್ತು ವೆಲ್ಡಿಂಗ್ ಹತ್ತಿರವಿರಬಾರದು. ತುಂಬಿದ ಪೆಟ್ರೋಲ್ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕ್ ಹೆಚ್ಚು ಅಪಾಯಕಾರಿ. ತೆರೆದ ಟ್ಯಾಂಕಿನ ಬಾಯಲ್ಲಿ ಟೆಸ್ಟ್ ಲ್ಯಾಂಪ್ ಹಿಡಿಯುವುದಾಗಲಿ, ತಂತಿಯನ್ನು ತಾಗಿಸಿ ಕಿಡಿ ನೋಡುವುದಾಗಲಿ ಸಲ್ಲದು. ಪದೇ ಪದೇ ಸುಡುವ ಫ್ಯೂಸ್‌ನ ಜಾಗಕ್ಕೆ ದಪ್ಪ ತಂತಿ ಸುತ್ತಿದರೆ ದೋಷ ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ಮುಂದೆ ಬೆಂಕಿ ಹತ್ತುವುದು ವೈರಿಂಗ್‌ಗೆ.

ಪರ್ಯಾಯ ಕ್ರಮಗಳು

ಮಾಪಕ ದುರಸ್ತಿಯಾಗುವವರೆಗೆ ಟ್ಯಾಂಕಿನ ಬಾಯಿ ನೇರವಾಗಿರುವ ಡೀಸೆಲ್ ವಾಹನಗಳಲ್ಲಿ ಗುರುತು ಮಾಡಿದ ಶುಭ್ರವಾದ ಅಳತೆ ಕಡ್ಡಿಯನ್ನು ಇಳಿಸಿ ಮಟ್ಟ ನೋಡಬಹುದು. ಗುರುತುಗಳನ್ನು ಮಾಡಲು ಖಾಲಿ ಟ್ಯಾಂಕಿಗೆ ಐದೈದು ಲೀಟರ್ ಹಾಕುತ್ತಾ ಪ್ರತಿ ಸಲವೂ ಕಡ್ಡಿಯಲ್ಲಿ ಗೆರೆ ಎಳೆಯಬೇಕು. ಟ್ಯಾಂಕ್ ತುಂಬಿಸಿದಾಗ ಓಡಿದ ಕಿಲೋಮೀಟರ್ ಬರೆದಿಟ್ಟು, ವಾಹನದ ಮೈಲೇಜಿನಿಂದ ಉಳಿದ ಇಂಧನವನ್ನು ಅಂದಾಜಿಸುವುದು ಇನ್ನೊಂದು ವಿಧಾನ. ಟ್ರ್ಯಾಕ್ಟರ್‌ಗಳಲ್ಲಿ ಕಿಲೋಮೀಟರಿನ ಬದಲು ಎಂಜಿನ್ ನಡೆದ ಗಂಟೆಗಳ ಲೆಕ್ಕವನ್ನು ಬಳಸಲಾಗುತ್ತದೆ.