ಪರದೆಯಿಂದ ಕೈಗೆ ಇಳಿಯುವ ಕಡೆತದ ಕಸುಬು

ಮರದ ತುಂಡನ್ನು ಲೇತ್ ಎಂಬ ಯಂತ್ರಕ್ಕೆ ಬಿಗಿದು ತಿರುಗಿಸುತ್ತ, ಅದಕ್ಕೆ ಉಳಿಯನ್ನು ಆನಿಸಿ ಲಟ್ಟಣಿಗೆ, ಬುಗುರಿ, ಬಟ್ಟಲು, ತೊಟ್ಟಿಲ ಕಾಲುಗಳಂಥ ದುಂಡನೆಯ ವಸ್ತುಗಳನ್ನು ರೂಪಿಸುವ ಕೆಲಸಕ್ಕೆ ಕಡೆತ ಎಂದು ಹೆಸರು. ಬಡಗಿತನದ ಉಳಿದ ಕೆಲಸಗಳಲ್ಲಿ ಮರ ನಿಶ್ಚಲವಾಗಿದ್ದು ಉಪಕರಣ ಚಲಿಸಿದರೆ, ಇಲ್ಲಿ ಮರವೇ ನಿಮಿಷಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಸುತ್ತು ತಿರುಗುವುದರಿಂದ, ಕಸುಬಿನ ತಿರುಳೆಲ್ಲ ಕೈ, ಮೊಣಕೈ, ಸೊಂಟಗಳು ಹೊಂದಿಕೊಂಡು ಚಲಿಸುವ ರೀತಿಯಲ್ಲಿದೆ. ಆ ಚಲನೆಯನ್ನು ಸ್ಥಿರಚಿತ್ರಗಳಲ್ಲಿ ಹಿಡಿಯಲಾಗದೆ ಮುದ್ರಿತ ಕೈಪಿಡಿಗಳು ಸೋಲುತ್ತಿದ್ದ ಜಾಗದಲ್ಲೇ ಅಂತರ್ಜಾಲದ ವಿಡಿಯೊ ಪಾಠಗಳು ಕಲಿಯುವವರ ನೆರವಿಗೆ ಬಂದಿವೆ.

ಕಡೆತವು ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಬಿಡುವಿನ ಹವ್ಯಾಸವಾಗಿ ಹಬ್ಬುತ್ತಿದ್ದ ಕಾಲದಲ್ಲಿ, ಅಂದರೆ 1985ರಲ್ಲಿ, ಕಡೆತದ ಕಸುಬುದಾರ ರಿಚರ್ಡ್ ರಾಫನ್ ಅವರ ‘ಟರ್ನಿಂಗ್ ವುಡ್’ ಪುಸ್ತಕ ಪ್ರಕಟವಾಯಿತು; ಅವರ ಪಾಠ ವಿಡಿಯೊ ಕ್ಯಾಸೆಟ್ಟಿನ ರೂಪದಲ್ಲೂ ಮನೆಗಳನ್ನು ತಲುಪಿತು. ಮರುವರ್ಷ ಅಮೆರಿಕನ್ ಅಸೋಸಿಯೇಷನ್ ಆಫ್ ವುಡ್‌ಟರ್ನರ್ಸ್ ಸ್ಥಾಪನೆಯಾಯಿತು. 2020ರ ಸಾಂಕ್ರಾಮಿಕದ ದಿನಗಳಲ್ಲಿ ಹವ್ಯಾಸಿಗಳ ಸಂಘಗಳು ತಮ್ಮ ಪ್ರಾತ್ಯಕ್ಷಿಕೆಗಳನ್ನು ನೇರ ಪ್ರಸಾರಕ್ಕೆ ಒಗ್ಗಿಸಿಕೊಂಡ ಮೇಲಂತೂ ಮನೆಯಲ್ಲೇ ಕುಳಿತು ಕಲಿಯುವುದು ಸಹಜವೆನಿಸಿತು.

ವಿಡಿಯೊ ಅತ್ಯಂತ ಚೆನ್ನಾಗಿ ಕಲಿಸುವುದು ಬೆವೆಲ್ಲಿನ ಬಳಕೆಯನ್ನು. ಉಳಿಯ ಅಲಗಿನ ಹಿಂಬದಿಯಲ್ಲಿ ಸಾಣೆಯಿಂದ ಮೂಡುವ ಇಳಿಜಾರು ಮುಖವೇ ಬೆವೆಲ್. ಉಳಿಯನ್ನು ಮೊದಲು ಆಧಾರಪಟ್ಟಿಯ ಮೇಲೆ ಊರಿ, ಬಳಿಕ ಬೆವೆಲ್ ಮಾತ್ರ ತಿರುಗುವ ಮರಕ್ಕೆ ಸವರುವಂತೆ ತಾಗಿಸಿ, ಅನಂತರ ಹಿಡಿಯನ್ನು ನಿಧಾನವಾಗಿ ಎತ್ತುತ್ತ ಹೋದರೆ ಅಲಗು ತಾನಾಗಿ ಮರವನ್ನು ಕಚ್ಚಿ ಸಿಪ್ಪೆಯನ್ನು ಸುರುಳಿಯಾಗಿ ಹೊರಚೆಲ್ಲುತ್ತದೆ. ಬೆವೆಲ್ಲಿನ ಆಸರೆ ತಪ್ಪಿ ಅಲಗು ಬರಿದಾಗಿ ಮರಕ್ಕೆ ಸಿಕ್ಕರೆ ಉಳಿ ಥಟ್ಟನೆ ಒಳನುಗ್ಗುತ್ತದೆ. ಕಡೆಯುವವರು ಇದನ್ನು ಕ್ಯಾಚ್ ಎನ್ನುತ್ತಾರೆ, ಇದರಿಂದ ವಸ್ತು ಸಿಡಿದು ಹಾರಲೂಬಹುದು. ಒಳ್ಳೆಯ ಶಿಕ್ಷಕರು ಬೇಕೆಂದೇ ಇಂಥ ಕ್ಯಾಚ್ ಆಗಗೊಟ್ಟು, ಅದೇ ಕ್ಷಣವನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸಿ ಕಾರಣವನ್ನು ಬಿಡಿಸಿ ಹೇಳುತ್ತಾರೆ. ನುಣುಪಾಗಿ ಕೊಯ್ಯುವ ಉಳಿಯ ಸದ್ದಿಗೂ ಕೆರೆಯುವ ಉಳಿಯ ಸದ್ದಿಗೂ ಇರುವ ಭೇದವನ್ನು ಕಿವಿಗೆ ಮುಟ್ಟಿಸುವುದು ಇನ್ನೂ ದೊಡ್ಡ ಉಪಕಾರ, ಏಕೆಂದರೆ ಅನುಭವಿಗಳು ಕೆಲಸವನ್ನು ಕಣ್ಣಿನಷ್ಟೇ ಕಿವಿಯಿಂದಲೂ ಅಳೆಯುತ್ತಾರೆ.

ಪರದೆ ದಾಟಿಸಲಾರದ್ದು ಕೈಯ ಒತ್ತಡವನ್ನು. ಹೊಸಬರು ಹಿಡಿಯನ್ನು ಬಿಗಿಯಾಗಿ ಹಿಚುಕುವುದು ಬಹು ಸಾಮಾನ್ಯವಾದ ದೋಷ. ಅದನ್ನು ಪಕ್ಕದಲ್ಲಿ ನಿಂತ ಗುರು ಭುಜ ಮುಟ್ಟಿ ತಿದ್ದಬಲ್ಲ, ವಿಡಿಯೊ ತಿದ್ದಲಾರದು. ಮೊಂಡು ಅಲಗೂ ಹೀಗೆಯೇ ಮೋಸಮಾಡುತ್ತದೆ: ಸುರುಳಿಯ ಬದಲು ಪುಡಿ ಉದುರುತ್ತಿದ್ದರೆ ಬಹುಪಾಲು ದೋಷ ಸಾಣೆಯದ್ದಾಗಿದ್ದರೂ ಕಲಿಯುವವರು ತಮ್ಮ ಕೈಯನ್ನೇ ದೂರಿಕೊಳ್ಳುತ್ತಾರೆ. ಆದ್ದರಿಂದ ಸಾಣೆ ಹಿಡಿಯುವ ಪಾಠದಿಂದ ಆರಂಭಿಸಿ, ಬಟ್ಟಲಿಗೆ ಹೋಗುವ ಮುನ್ನ ಒಂದು ಕೋಲಿನ ಮೇಲೆ ಉಬ್ಬು–ತಗ್ಗುಗಳನ್ನು ಕಡೆದು ಕಡೆದು ಕೈ ಪಳಗಿಸುವ ಕೋರ್ಸೇ ನಂಬಲು ಯೋಗ್ಯವಾದುದು.

ಸುರಕ್ಷತೆಯ ಪಾಠವಿಲ್ಲದ ವಿಡಿಯೊಗಳನ್ನು ಬಿಟ್ಟುಬಿಡಬೇಕು. ಮುಖವನ್ನು ಪೂರ್ತಿ ಮುಚ್ಚುವ ಪಾರದರ್ಶಕ ಕವಚ ಕಡ್ಡಾಯ; ಸೆರಗು, ದುಪಟ್ಟಾ, ಬಳೆ, ಸಡಿಲ ತೋಳುಗಳು ಸಲ್ಲವು. ಮರದ ವ್ಯಾಸವನ್ನು ಅಂಗುಲಗಳಲ್ಲಿ ಅಳೆದು ನಿಮಿಷದ ಸುತ್ತುಗಳಿಂದ ಗುಣಿಸಿದರೆ ಬರುವ ಸಂಖ್ಯೆ 6000ದಿಂದ 9000ದ ಒಳಗಿರಬೇಕೆಂಬುದು ರೂಢಿಯ ಲೆಕ್ಕ. ಅದರಂತೆ 10 ಅಂಗುಲದ ಬಟ್ಟಲಿಗೆ 600ರಿಂದ 900 ಸುತ್ತು ಸಾಕು, ಸಮತೋಲವಿಲ್ಲದ ಒರಟು ತುಂಡಿಗೆ ಇನ್ನೂ ಕಡಿಮೆ.

ಕನ್ನಡ ನಾಡಿನ ಕಲಿಯುವವರಿಗೆ ಒಂದು ತೊಡಕಿದೆ: ಪ್ರಸಿದ್ಧ ಕೋರ್ಸುಗಳು ಇಂಗ್ಲಿಷಿನಲ್ಲಿದ್ದು, ಮೇಪಲ್, ಚೆರಿ, ಓಕ್ ಮರಗಳನ್ನೇ ಮುಂದಿಟ್ಟುಕೊಂಡಿರುತ್ತವೆ. ಆದರೆ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಗೊಂಬೆಗಳ ಹಿಂದೆ, ತಲೆಮಾರುಗಳ ಕಡೆತದ ವಿದ್ಯೆ ಜೀವಂತವಾಗಿದೆ. ಅಲ್ಲಿನ ಕುಶಲಕರ್ಮಿಗಳು ಬಿಳಿಯ, ಮೃದುವಾದ, ಒತ್ತಾದ ಎಳೆಯ ಹಾಲೆ ಮರವನ್ನು ಕಡೆದು, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮೈಗೆಲ್ಲ ಹರಡುತ್ತದೆ, ಆಮೇಲೆ ಕೇದಗೆಯ ಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಲೇತ್ ಇರುವ ಮನೆಯಲ್ಲಿ ಇದಕ್ಕೆ ಬೇರೆ ದುಬಾರಿ ಸಲಕರಣೆಯೇನೂ ಬೇಕಿಲ್ಲ. ಪ್ರವಾಸಿಗಳ ಕುತೂಹಲ ತಣಿಸುವ ಕಿರುಚಿತ್ರಗಳಿಂದ ಮಾತ್ರ ಇದು ಕಲಿಯಲು ಬರುವಂಥದ್ದಲ್ಲ; ಸಾಣೆ, ಹಿಡಿತ, ಅರಗಿನ ಹದಗಳನ್ನು ಬಿಡಿಸಿ ತೋರಿಸುವ ಕ್ರಮಬದ್ಧ ಕನ್ನಡ ಪಾಠಮಾಲೆಯನ್ನು ಈ ಕುಶಲಕರ್ಮಿಗಳಿಂದಲೇ, ತಕ್ಕ ಸಂಭಾವನೆ ಕೊಟ್ಟು, ಸರ್ಕಾರವಾಗಲಿ ವಿಶ್ವವಿದ್ಯಾಲಯಗಳಾಗಲಿ ಮಾಡಿಸಬೇಕಾಗಿದೆ.